ಆಟದ ನೆಲಕ್ಕೆ ಹೆಸರಿಡುವವರು

ಗಣಕಯಂತ್ರದಲ್ಲಿ ಹಲವರು ಕೂಡಿ ಆಡುವ ಆಟಗಳನ್ನು ತಾಯಿತಂದೆಗಳು ಕಾಲಹರಣವೆಂದು ಜರೆಯುವುದುಂಟು. ಆ ಮಾತನ್ನು ನಾವು ಪೂರ್ಣವಾಗಿ ಅಲ್ಲಗಳೆಯೆವು. ಆದರೆ ಅಲ್ಲಿ ನಡೆಯುವ ಒಂದು ಕಾರ್ಯವು ಭಾಷೆಯನ್ನು ಕಲಿಸುವವರಾದ ನಮ್ಮ ಮನಸ್ಸನ್ನು ಸೆಳೆದಿದೆ. 'ಕೌಂಟರ್-ಸ್ಟ್ರೈಕ್' ಎಂಬ ಆಟದ 'ಇನ್‌ಫರ್ನೋ' ನಕ್ಷೆಯಲ್ಲಿ ಡೊಂಕಾದ ಓಣಿಯೊಂದುಂಟು. ಆಟಗಾರರು ಅದನ್ನು 'ಬನಾನಾ', ಅಂದರೆ ಬಾಳೆಹಣ್ಣು, ಎಂದು ಕರೆದರು. 2001ರಲ್ಲಿ ಹೊರಬಂದ 'ಡಸ್ಟ್ ಟೂ' ನಕ್ಷೆಯಲ್ಲಿ ಒಂದು ಪೆಟ್ಟಿಗೆಗೆ 'ಎಕ್ಸ್‌ಬಾಕ್ಸ್' ಎಂದೇ ಹೆಸರು. ವೈರಿಯು ಎಲ್ಲಿರುವನೆಂದು ಜೊತೆಗಾರರಿಗೆ ಕ್ಷಣಾರ್ಧದಲ್ಲಿ ಕೂಗಿ ತಿಳಿಸಬೇಕಾದಲ್ಲಿ ಉದ್ದನೆಯ ವರ್ಣನೆಗೆ ಎಡೆಯೆಲ್ಲಿ? ಇದಕ್ಕಾಗಿ ಯಾವ ಪಂಡಿತರ ಸಭೆಯೂ ಕೂಡಲಿಲ್ಲ. ಬಳಸಿದವರ ಬಾಯಲ್ಲಿ ನಿಂತದ್ದೇ ಹೆಸರಾಯಿತು. ನಮ್ಮ ಊರುಗಳ ಹುಣಸೆಮರದ ತಿರುವು, ಅಗಸರ ಕಟ್ಟೆಗಳು ಹೀಗೆಯೇ ಹುಟ್ಟಿದವಲ್ಲವೇ?

ಆದಾಮನು ಸಕಲ ಮೃಗಪಕ್ಷಿಗಳಿಗೆ ಹೆಸರಿಟ್ಟನೆಂದು ಆದಿಕಾಂಡದಲ್ಲಿ ಓದುತ್ತೇವೆ. (ಆಗ ಹವ್ವಳು ಇನ್ನೂ ಉಂಟಾಗಿರಲಿಲ್ಲವೆಂಬುದನ್ನು ನಮ್ಮ ಹುಡುಗಿಯರು ಎತ್ತಿ ತೋರಿಸದೆ ಬಿಡರು.) ಈ ಆಟಗಳಲ್ಲಾದರೋ ಹೆಣ್ಣುಮಕ್ಕಳು ಇದ್ದೂ ಮೌನವಾಗಿರುತ್ತಾರೆ. ಧ್ವನಿಯಿಂದ ಹೆಣ್ಣೆಂದರಿತೊಡನೆ ಅವಾಚ್ಯವನ್ನಾಡುವವರಿರುವುದರಿಂದ ಅನೇಕರು ಬಾಯಿ ತೆರೆಯುವುದೇ ಇಲ್ಲ. ಕೂಗದವಳು ಹೆಸರಿಡುವುದೆಂತು? ಆದುದರಿಂದ ಮಗಳ ಕೈಯಿಂದ ಆಟವನ್ನು ಕಸಿದುಕೊಳ್ಳುವ ಮೊದಲು, ಆಕೆಯು ಅಲ್ಲಿ ಮಾತನಾಡುವಳೇ, ಇಲ್ಲವಾದರೆ ಏಕೆ ಎಂದು ವಿಚಾರಿಸಬೇಕಾಗಿ ಪೋಷಕರನ್ನು ಬೇಡುತ್ತೇವೆ. ಬೈಯುವವನ ಧ್ವನಿಯನ್ನು ಅಡಗಿಸುವ, ಅವನ ಮೇಲೆ ದೂರು ಕೊಡುವ ಏರ್ಪಾಡು ಆಟದಲ್ಲಿಯೇ ಉಂಟು. ಆಕೆಗೆ ಅದನ್ನು ತಿಳಿಸಿರಿ. ಮನೆಯಲ್ಲಿ ಮಗನಿದ್ದರೆ, ಅವನು ಅಲ್ಲಿ ಹೇಗೆ ಮಾತನಾಡುವನೆಂಬುದನ್ನೂ ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿರಿ.