ಲೀಲಾ ಸೇಠ್ ಅವರೂ ನಮ್ಮ ಮನೆಗಳ ಖುಲಾಸೆ ಪತ್ರವೂ



ತವರಿನ ಆಸ್ತಿಯಲ್ಲಿ ಮಗಳು ತನ್ನ ಪಾಲನ್ನು ಕೇಳಿದರೆ ನಮ್ಮ ಜನ ಆಕೆಯನ್ನು ದುರಾಸೆಯವಳು ಎನ್ನುತ್ತಾರೆ. ಅದೇ ಪಾಲನ್ನು ಆಕೆಯ ತಮ್ಮ ಕೇಳಿದರೆ ಅವನು ಹಕ್ಕು ಕೇಳಿದನೆಂದು ತಲೆದೂಗುತ್ತಾರೆ. ಒಂದೇ ಬೇಡಿಕೆಗೆ ಎರಡು ಹೆಸರಿಟ್ಟಿರುವ ಈ ನಿಘಂಟನ್ನು ನಾನು ಒಪ್ಪುವುದಿಲ್ಲ. ಈ ಲೇಖನವನ್ನು ನನ್ನ ಒಡಹುಟ್ಟಿದವರೂ ಓದುತ್ತಾರೆಂಬುದನ್ನು ಬಲ್ಲೆ. ಅವರು ಓದಲೆಂದೇ ಬರೆಯುತ್ತಿದ್ದೇನೆ.

ಮೊದಲು ಒಬ್ಬ ಹಿರಿಯರನ್ನು ನೆನೆಯಬೇಕು. ನ್ಯಾಯಮೂರ್ತಿ ಲೀಲಾ ಸೇಠ್ ಎಂದರೆ ನಮ್ಮಲ್ಲಿ ಅನೇಕರು ಕಣ್ಣು ಪಿಳುಕಿಸುತ್ತಾರೆ. 'ಎ ಸೂಟಬಲ್ ಬಾಯ್' ಕಾದಂಬರಿಯ ವಿಕ್ರಮ್ ಸೇಠ್ ಅವರ ತಾಯಿ ಎಂದೊಡನೆ ಓಹೋ ಎನ್ನುತ್ತಾರೆ! (ಹೆಣ್ಣನ್ನು ತಂದೆ, ಗಂಡ, ಮಗ ಈ ಮೂವರಲ್ಲೊಬ್ಬರ ಮೂಲಕವೇ ಗುರುತು ಹಿಡಿಯುವ ನಮ್ಮ ಅಭ್ಯಾಸ ವಿದ್ಯಾವಂತರಲ್ಲೂ ಹೋಗಿಲ್ಲ.) ಲಖನೌದಲ್ಲಿ 1930ರಲ್ಲಿ ಹುಟ್ಟಿದ ಈ ಹೆಣ್ಣುಮಗಳು ಹನ್ನೊಂದನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು, ಮುಂದೆ ಶೀಘ್ರಲಿಪಿ ಕಲಿತು ಸ್ಟೆನೋಗ್ರಾಫರ್ ಕೆಲಸ ಮಾಡಿದರು. ಮದುವೆಯಾಗಿ, ಪತಿಯ ಉದ್ಯೋಗದ ನಿಮಿತ್ತ ಲಂಡನ್ನಿಗೆ ಹೋದಮೇಲೆ ಕಾನೂನು ಓದಿದರು. 1958ರ ಬಾರ್ ಪರೀಕ್ಷೆಯಲ್ಲಿ ಅವರಿಗೇ ಮೊದಲ ಸ್ಥಾನ ದೊರೆತಾಗ ಕೈಯಲ್ಲಿ ಹಸುಗೂಸು. ಅಲ್ಲಿನ ಪತ್ರಿಕೆಯೊಂದು ತಾಯಿ-ಮಗುವಿನ ಚಿತ್ರ ಅಚ್ಚುಹಾಕಿ 'ಮದರ್ ಇನ್ ಲಾ' ಎಂದು ಶ್ಲೇಷೆಯ ತಲೆಬರಹ ಕೊಟ್ಟಿತಂತೆ. ಕಾನೂನಿನಲ್ಲಿ ತಾಯಿ ಎಂದೂ ಆಯಿತು, ಅತ್ತೆ ಎಂದೂ ಆಯಿತು!

ಭಾರತಕ್ಕೆ ಮರಳಿ ಕೋಲ್ಕತ್ತದಲ್ಲಿ ಹಿರಿಯ ವಕೀಲರೊಬ್ಬರ ಬಳಿ ಕೆಲಸ ಕಲಿಯಲು ಹೋದಾಗ ನಡೆದ ಸಂಭಾಷಣೆಯನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ವಕೀಲಿ ಬಿಟ್ಟು ಮದುವೆಯಾಗಮ್ಮ ಎಂದರಂತೆ ಹಿರಿಯರು. ಆಗಿದೆ ಎಂದರು ಇವರು. ಹಾಗಾದರೆ ಮಗು ಹೆರು ಎಂದರು; ಅದೂ ಆಗಿದೆ. ಒಂಟಿ ಮಗುವಿಗೆ ಜೊತೆ ಬೇಡವೇ ಎಂದರು. ಎರಡನೆಯದೂ ಆಗಿದೆ ಎಂಬ ಉತ್ತರ ಬಂತು. ಇನ್ನು ಕೊಡಲು ನೆಪ ಉಳಿಯದೆ ಹಿರಿಯರು ಸೇರಿಸಿಕೊಂಡರು. ಓದಿದಾಗ ನಗು ಬರುತ್ತದೆ. ಆದರೆ ಆ ದಿನವೇ ಆ ಕೊಠಡಿಗೆ ಒಬ್ಬ ತರುಣ ಹೋಗಿದ್ದರೆ ಈ ಮೂರು ಪ್ರಶ್ನೆಗಳಲ್ಲಿ ಒಂದಾದರೂ ಎದುರಾಗುತ್ತಿತ್ತೇ?

ಅಲ್ಲಿಂದ ಪಟ್ನಾ ಹೈಕೋರ್ಟಿನಲ್ಲಿ ಸುಮಾರು ಹತ್ತು ವರ್ಷ ವಕೀಲಿ. ಹೆಂಗಸೆಂದರೆ ವಿಚ್ಛೇದನದ ಮೊಕದ್ದಮೆಗೆ ಸರಿ ಎಂಬ ಕಾಲದಲ್ಲಿ ಅವರು ತೆರಿಗೆ, ಕಂಪನಿ, ಸಂವಿಧಾನ ಹೀಗೆ ಎಲ್ಲ ಬಗೆಯ ವ್ಯಾಜ್ಯಗಳನ್ನೂ ವಾದಿಸಿದರು. 1978ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. 1991ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಈ ದೇಶದ ಯಾವ ಹೈಕೋರ್ಟಿನಲ್ಲೂ ಅದುವರೆಗೆ ಆ ಪೀಠದಲ್ಲಿ ಮಹಿಳೆ ಕುಳಿತಿರಲಿಲ್ಲ. ಸಮಾನತೆಯನ್ನು ಮೂಲಭೂತ ಹಕ್ಕೆಂದು ಸಾರಿದ ಸಂವಿಧಾನ ಜಾರಿಗೆ ಬಂದು ಆಗ 41 ವರ್ಷ!

ಆದರೆ ಲೀಲಾ ಸೇಠರು ನಮ್ಮ ನಿಮ್ಮ ಮನೆಯೊಳಕ್ಕೆ ಕಾಲಿಟ್ಟದ್ದು ನಿವೃತ್ತಿಯ ನಂತರ. 1997ರಿಂದ 2000ದವರೆಗೆ ಅವರು ಹದಿನೈದನೆಯ ಕಾನೂನು ಆಯೋಗದ ಸದಸ್ಯೆಯಾಗಿದ್ದರು. ಹಿಂದೂ ಹೆಣ್ಣುಮಕ್ಕಳ ಆಸ್ತಿಹಕ್ಕಿನ ಕುರಿತ ಆಯೋಗದ 174ನೆಯ ವರದಿ 2000ದ ಮೇ ತಿಂಗಳಲ್ಲಿ ಹೊರಬಂತು. ಅದರ ಹಿಂದೆ ಇವರ ದುಡಿಮೆ ದೊಡ್ಡದು.

ಆ ವರದಿ ಏಕೆ ಬೇಕಾಯಿತೆಂದು ತಿಳಿಯಲು ಕರಿಹಲಗೆಯ ಮೇಲೆ ಒಂದು ಲೆಕ್ಕ ಮಾಡೋಣ. (ಅಭ್ಯಾಸಬಲ, ಕ್ಷಮಿಸಿ.) ಪಿತ್ರಾರ್ಜಿತ ಜಮೀನು 12 ಎಕರೆ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ತಾಯಿ ಮೊದಲೇ ತೀರಿಹೋಗಿದ್ದಾರೆ. ಉಯಿಲು ಬರೆಯದೆ ತಂದೆಯೂ ತೀರಿಕೊಂಡರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆಯ ಮರಣಕ್ಕೆ ಸ್ವಲ್ಪ ಮುನ್ನ ಪಾಲಾಯಿತೆಂದು ಭಾವಿಸಬೇಕು. ತಂದೆಗೆ 4, ಗಂಡುಮಕ್ಕಳಿಗೆ ತಲಾ 4. ಹೆಣ್ಣುಮಕ್ಕಳು ಅವಿಭಕ್ತ ಕುಟುಂಬದ ಸಹಭಾಗಿಗಳೇ ಅಲ್ಲವಾದ್ದರಿಂದ ಈ ಸುತ್ತಿನಲ್ಲಿ ಅವರಿಗೆ ಸೊನ್ನೆ. ಅನಂತರ ತಂದೆಯ 4 ಎಕರೆಯನ್ನು ನಾಲ್ವರಿಗೂ ಹಂಚಬೇಕು, ತಲಾ ಒಂದು. ಕೂಡಿ ನೋಡಿ: ಗಂಡುಮಕ್ಕಳಿಗೆ ಐದೈದು ಎಕರೆ, ಹೆಣ್ಣುಮಕ್ಕಳಿಗೆ ಒಂದೊಂದು. ಇದನ್ನೇ ನಾವು ಸುಧಾರಣೆಯೆಂದು ಕರೆದೆವು. ಹಿಂದೂ ಸಂಹಿತೆಯ ಮಸೂದೆ ಕೈಗೂಡದೆ ಬಾಬಾಸಾಹೇಬ್ ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಯನ್ನೇ ತೊರೆದು ಬಂದ ದೇಶ ಇದು ಎಂಬುದನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೆ.

ಅದೇ ಕಾಯ್ದೆಯ 23ನೆಯ ಕಲಮು ಇನ್ನೂ ವಿಚಿತ್ರ. ವಾಸದ ಮನೆಯನ್ನು ಪಾಲು ಮಾಡಿರೆಂದು ಕೇಳುವ ಅಧಿಕಾರ ಮಗಳಿಗಿಲ್ಲ. ಗಂಡು ವಾರಸುದಾರರು ತಾವಾಗಿ ಪಾಲಾಗಲು ನಿರ್ಧರಿಸುವವರೆಗೆ ಕಾಯಬೇಕು. ಆ ಮನೆಯಲ್ಲಿ ವಾಸಿಸುವ ಹಕ್ಕಾದರೂ ಉಂಟೇ ಎಂದರೆ, ಅವಿವಾಹಿತೆಯೋ ವಿಧವೆಯೋ ಗಂಡನಿಂದ ದೂರವಾದವಳೋ ಆಗಿದ್ದರೆ ಮಾತ್ರ. ಹುಟ್ಟಿದ ಮನೆಯಲ್ಲಿ ತಂಗುವುದಕ್ಕೆ ಹೆಣ್ಣು ಒಂದೋ ಮದುವೆಯಾಗದಿರಬೇಕು, ಇಲ್ಲವೇ ಮದುವೆ ಮುರಿದಿರಬೇಕು!

ನಮ್ಮ ನಾಡಿನ ಪಾತ್ರವೂ ಇಲ್ಲಿದೆ. ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಮಾಡಿ, ಪಾಲಿನ ವೇಳೆ ಅವಿವಾಹಿತ ಮಗಳಿಗೆ ಅಣ್ಣ-ತಮ್ಮಂದಿರ ಪಾಲಿನ ಕಾಲುಭಾಗವನ್ನು ನಿಗದಿಪಡಿಸಿತ್ತು. ಕಾಲೇ ಭಾಗವಾದರೂ ಆ ಕಾಲಕ್ಕೆ ದೊಡ್ಡ ಹೆಜ್ಜೆ. ಮುಂದೆ ಆಂಧ್ರ, ತಮಿಳುನಾಡುಗಳ ದಾರಿಯಲ್ಲಿ ಕರ್ನಾಟಕವೂ ಮಗಳನ್ನು ಸಹಭಾಗಿಯೆಂದು ಒಪ್ಪಿತು. ಆ ತಿದ್ದುಪಡಿಯ ಹೆಸರಿನಲ್ಲಿ 1990 ಎಂದಿದ್ದರೂ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದರಲ್ಲೊಂದು ಷರತ್ತು: ಆ ದಿನಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಅನ್ವಯಿಸದು. ನನ್ನ ಮದುವೆ 1985ರಲ್ಲಿ ಆಗಿತ್ತು. ಸಮಾಜವಿಜ್ಞಾನದ ಪಾಠದಲ್ಲಿ ಸಮಾನತೆಯ ಹಕ್ಕನ್ನು ಬೋಧಿಸುತ್ತಿದ್ದ ನಾನು ಆ ಸಮಾನತೆಯ ಬಾಗಿಲ ಹೊರಗೇ ನಿಂತಿದ್ದೆ. ಒಂದು ಲಗ್ನಪತ್ರಿಕೆಯ ತಾರೀಖು ನನ್ನನ್ನು ಮಗಳಲ್ಲದಂತೆ ಮಾಡಿತ್ತು.

ಕಾನೂನು ಆಯೋಗ ಕೇಂದ್ರದ ಕಾಯ್ದೆಯನ್ನೇ ತಿದ್ದಬೇಕೆಂದು, 23ನೆಯ ಕಲಮನ್ನು ಕಿತ್ತುಹಾಕಬೇಕೆಂದು ಹೇಳಿತು. ಐದು ವರ್ಷಗಳ ಬಳಿಕ, 2005ರ ಸೆಪ್ಟೆಂಬರ್ 9ರಿಂದ, ಮಗನಂತೆಯೇ ಮಗಳೂ ಹುಟ್ಟಿನಿಂದಲೇ ಸಹಭಾಗಿ ಎಂಬ ತಿದ್ದುಪಡಿ ಇಡೀ ದೇಶಕ್ಕೆ ಅನ್ವಯವಾಯಿತು. ವಿವಾಹಿತೆ, ಅವಿವಾಹಿತೆ ಎಂಬ ಭೇದ ಹೋಯಿತು. ಇದು ಲೀಲಾ ಸೇಠ್ ಒಬ್ಬರದೇ ಸಾಧನೆಯೆಂದು ನಾನು ಹೇಳುವುದಿಲ್ಲ; ಮಹಿಳಾ ಸಂಘಟನೆಗಳು, ವಿದ್ವಾಂಸರು, ಸಂಸದರು ಎಲ್ಲರ ಶ್ರಮವೂ ಇದರಲ್ಲಿತ್ತು.

ಅಷ್ಟಾದರೂ ಗೊಂದಲ ಮುಗಿಯಲಿಲ್ಲ. 2005ರ ಆ ದಿನ ತಂದೆ ಬದುಕಿರಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿತು. ಬದುಕಿರಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2018ರಲ್ಲಿ, 2001ರಲ್ಲೇ ತಂದೆಯನ್ನು ಕಳೆದುಕೊಂಡಿದ್ದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಈ ಎರಡು ವ್ಯಾಜ್ಯಗಳೂ ನಮ್ಮ ಕರ್ನಾಟಕದಿಂದಲೇ ಹೋದವು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆ ದಿನ ಜೀವಂತವಿರಬೇಕಾದ ಅಗತ್ಯವಿಲ್ಲ ಎಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆದ ಪಾಲುಗಳನ್ನು ಮಾತ್ರ ಕೆದಕುವಂತಿಲ್ಲ. ಈ ತೀರ್ಪನ್ನು ನೋಡಲು ಲೀಲಾ ಸೇಠ್ ಇರಲಿಲ್ಲ. 2017ರ ಮೇ 5ರಂದು ತೀರಿಕೊಂಡಿದ್ದರು.

ಕಾನೂನಿನ ಕಥೆ ಇಷ್ಟು. ಈಗ ನಮ್ಮ ಮನೆಗಳ ಕಥೆಗೆ ಬರೋಣ.

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಒಳ್ಳೆಯ ಹುದ್ದೆಯಲ್ಲಿದ್ದಾನೆ, ಸಭ್ಯ. "ಮೇಡಂ, ಊರಿನ ಜಮೀನಿಗೆ ಅಕ್ಕಂದಿರಿಂದ ಖುಲಾಸೆ ಪತ್ರ ಮಾಡಿಸಿಕೊಳ್ಳಬೇಕಾಗಿದೆ. ದೊಡ್ಡಕ್ಕ ಸ್ವಲ್ಪ ಹಿಂದೆಮುಂದೆ ನೋಡುತ್ತಿದ್ದಾಳೆ. ಅವಳೂ ನಿಮ್ಮ ವಿದ್ಯಾರ್ಥಿನಿಯೇ ಅಲ್ಲವೇ, ನೀವೊಂದು ಮಾತು ಹೇಳಿದರೆ ಕೇಳುತ್ತಾಳೆ" ಎಂದ. "ಹೇಳುತ್ತೇನಪ್ಪಾ, ಸಹಿ ಹಾಕಬೇಡ ಎಂದು ಹೇಳುತ್ತೇನೆ" ಎಂದೆ. ಅತ್ತ ಕಡೆ ಬಹಳ ಹೊತ್ತು ಮೌನ. ಸಮಾನತೆಯ ಹಕ್ಕಿನ ಪ್ರಶ್ನೆಗೆ ಪೂರ್ಣ ಅಂಕ ತೆಗೆದಿದ್ದ ಹುಡುಗ!

ಈ ಪತ್ರದ ಮಹಿಮೆಯನ್ನು ಬಲ್ಲೆವಲ್ಲ. ಗೌರಿಹಬ್ಬಕ್ಕೋ ಜಾತ್ರೆಗೋ ಅಕ್ಕತಂಗಿಯರನ್ನು ಕರೆಯುತ್ತಾರೆ. ಸೀರೆ, ಕುಪ್ಪಸದ ಕಣ, ಅರಿಶಿನ-ಕುಂಕುಮ. ಮಾರನೆಯ ಬೆಳಗ್ಗೆ ಬಾಡಿಗೆ ಕಾರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ. ಪತ್ರದಲ್ಲಿ ಏನಿದೆಯೆಂದು ಓದಿ ಹೇಳುವವರಿಲ್ಲ. ಹೆಬ್ಬೆಟ್ಟು, ಫೋಟೋ, ಸಹಿ, ಹೊರಗೆ ಬಂದು ಹೋಟೆಲಿನಲ್ಲಿ ಮಸಾಲೆದೋಸೆ. ಅದಕ್ಕೂ ಸುಲಭದ ಇನ್ನೊಂದು ದಾರಿಯನ್ನು ಹಿಡಿದವರೂ ಉಂಟು: ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಪೌತಿ ಖಾತೆ ಮಾಡಿಸಿಕೊಳ್ಳುವುದು. ಸಹೋದರಿ ಹುಟ್ಟಿಯೇ ಇಲ್ಲವೆಂದು ಬರೆದುಕೊಟ್ಟು, ಅದೇ ವರ್ಷದ ರಕ್ಷಾಬಂಧನದಂದು ಆಕೆಯಿಂದ ರಾಖಿ ಕಟ್ಟಿಸಿಕೊಳ್ಳುವ ಧೈರ್ಯ ನನಗಂತೂ ಅರ್ಥವಾಗದು.

ಅವರ ವಾದಗಳನ್ನು ಬಲ್ಲೆ. ಮದುವೆಗೆ ಖರ್ಚು ಮಾಡಿದ್ದೇವೆ ಎನ್ನುತ್ತಾರೆ. ಅಣ್ಣನ ಮದುವೆ ಪುಕ್ಕಟೆಯಾಯಿತೇ? ಅವನ ಓದಿಗೆ, ಅಂಗಡಿಗೆ ಕೊಟ್ಟದ್ದನ್ನು ಅವನ ಪಾಲಿನಿಂದ ಕಳೆದವರುಂಟೇ? ಇನ್ನು ವರದಕ್ಷಿಣೆ ಕೊಟ್ಟಿದ್ದೇವೆ ಎನ್ನುವವರು 1961ರಿಂದ ಅಪರಾಧವಾಗಿರುವ ಕೃತ್ಯವನ್ನು ಪುರಾವೆಯಾಗಿ ಮುಂದಿಡುತ್ತಿದ್ದಾರೆ! ಜಮೀನು ತುಂಡುತುಂಡಾಗುತ್ತದೆ ಎಂಬುದು ಎರಡನೆಯ ವಾದ. ನಾಲ್ವರು ಗಂಡುಮಕ್ಕಳಿರುವ ಮನೆಯಲ್ಲಿ ಈ ಚಿಂತೆಯನ್ನು ಯಾರೂ ಆಡಿದ್ದು ನಾನು ಕೇಳಿಲ್ಲ. ಅವಳೇ ಬೇಡವೆಂದಳು ಎನ್ನುವವರಿಗೆ ನನ್ನದೊಂದು ವಿನಂತಿ. ಪಹಣಿಯಲ್ಲಿ ಮೊದಲು ಆಕೆಯ ಹೆಸರು ಬರಲಿ. ಒಂದೆರಡು ವರ್ಷ ಕಳೆಯಲಿ. ಆಮೇಲೆ ಆಕೆ ತಾನಾಗಿ ಬಂದು ತಮ್ಮನಿಗೆ ಕೊಟ್ಟರೆ ಅದನ್ನು ದಾನವೆನ್ನೋಣ.

ಬಾಂಧವ್ಯ ಕೆಡುತ್ತದೆ ಎಂಬ ಮಾತು ಉಳಿಯಿತು. ಇದು ಎಲ್ಲಕ್ಕಿಂತ ಹರಿತವಾದದ್ದು. ಹೆಣ್ಣುಮಕ್ಕಳು ಸಹಿ ಹಾಕುವುದೇ ಈ ಮಾತಿಗೆ ಹೆದರಿ. ತವರಿನ ಬಾಗಿಲು ಮುಚ್ಚಿದರೆ, ನಾಳೆ ಕಷ್ಟಕಾಲದಲ್ಲಿ ಎಲ್ಲಿಗೆ ಹೋಗಲಿ ಎಂಬ ಭಯ. ಆ ಭಯವನ್ನು ಪ್ರೀತಿಯೆಂದು ಕರೆಯಬೇಡಿ. ಪಾಲು ಕೇಳಿದೊಡನೆ ಮುರಿದುಬೀಳುವ ಸಂಬಂಧವನ್ನು ಅಲ್ಲಿಯವರೆಗೆ ಆಕೆಯೊಬ್ಬಳೇ ತನ್ನ ನಷ್ಟದಿಂದ ಎತ್ತಿಹಿಡಿದಿದ್ದಳು.

ಮದುವೆಯ ಗೆರೆಯ ಬಳಿ ಕಾನೂನು ತಡವರಿಸುವುದು ಆಸ್ತಿಯ ವಿಷಯದಲ್ಲಿ ಮಾತ್ರವಲ್ಲ. 2012ರ ಡಿಸೆಂಬರಿನ ದೆಹಲಿಯ ಘೋರ ಕೃತ್ಯದ ನಂತರ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿಯ ಮೂವರಲ್ಲಿ ಲೀಲಾ ಸೇಠ್ ಒಬ್ಬರು. ಆಗ ಅವರಿಗೆ 82 ವರ್ಷ. ಸುಮಾರು 80,000 ಸಲಹೆಗಳು ಬಂದಿದ್ದವು; ಒಂದು ತಿಂಗಳಲ್ಲಿ, 2013ರ ಜನವರಿ 23ರಂದು, ವರದಿ ಒಪ್ಪಿಸಿದರು. ಗಂಡನೆಂಬ ಕಾರಣಕ್ಕೆ ಅತ್ಯಾಚಾರದ ಅಪರಾಧದಿಂದ ವಿನಾಯಿತಿ ಕೊಡಬಾರದೆಂದು ಸಮಿತಿ ಹೇಳಿತು. ಸರ್ಕಾರ ಒಪ್ಪಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ವಿನಾಯಿತಿಯನ್ನು ಉಳಿಸಿಕೊಂಡರು.

ಉತ್ತರಾಧಿಕಾರ ಕಾಯ್ದೆಯಲ್ಲೂ ಮುಳ್ಳು ಉಳಿದಿದೆ. ಮಕ್ಕಳಿಲ್ಲದ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಆಕೆ ಸ್ವಂತ ದುಡಿಮೆಯಿಂದ ಗಳಿಸಿದ್ದಕ್ಕೆ ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರು ಹಕ್ಕುದಾರರು. ಮದುವೆಯಾದ ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಗಂಡನ ಮನೆಯಿಂದ ಹೊರದೂಡಲ್ಪಟ್ಟು, ತವರಿನವರ ಆಸರೆಯಲ್ಲಿ ಓದಿ ಉದ್ಯೋಗ ಹಿಡಿದಿದ್ದ ಒಬ್ಬ ಹೆಣ್ಣುಮಗಳ ಗಳಿಕೆ, 2009ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ, ಆಕೆಯನ್ನು ದೂಡಿದ ಮನೆಯವರಿಗೇ ಹೋಯಿತು. ಇದನ್ನು ತಿದ್ದಬೇಕೆಂದು ಕಾನೂನು ಆಯೋಗ 2008ರಲ್ಲೇ 207ನೆಯ ವರದಿಯಲ್ಲಿ ಹೇಳಿತ್ತು. ಕಲಮು ಹಾಗೆಯೇ ಇದೆ. ಉದ್ಯೋಗದಲ್ಲಿರುವ ನನ್ನ ವಿದ್ಯಾರ್ಥಿನಿಯರು ದಯವಿಟ್ಟು ಇಂದೇ ಒಂದು ಉಯಿಲು ಬರೆದಿಡಿ. ಬಿಳಿ ಹಾಳೆ, ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು, ನೋಂದಣಿಯೂ ಕಡ್ಡಾಯವಲ್ಲ.

ಗಂಡುಮಕ್ಕಳು ಮುಂದಿನ ಸಲ ಊರಿಗೆ ಹೋದಾಗ ವಂಶವೃಕ್ಷದ ಪ್ರತಿಯೊಂದನ್ನು ತೆಗೆಸಿ, ಅಕ್ಕತಂಗಿಯರ ಹೆಸರುಗಳು ಅದರಲ್ಲಿವೆಯೇ ಎಂದು ನೋಡಿ ನನಗೆ ತಿಳಿಸಿ. ನನ್ನ ತಮ್ಮಂದಿರಿಗೂ ಇದೇ ಮಾತು.