ಮುಸುಕುವೀರನಿಗೆ ಕನ್ನಡದ ಬಾಗಿಲು ಮುಚ್ಚಿದವರಾರು?

ಅಮೆರಿಕದ ಹಳೆಯ ವೀರಪುರುಷರ ಚಿತ್ರಕಥೆಗಳು ಹೊರನಾಡುಗಳಲ್ಲಿ ಮರುಮುದ್ರಣಗೊಂಡು, ದಪ್ಪ ರಟ್ಟು ತೊಟ್ಟು, ನಮ್ಮ ನಗರಗಳ ಪುಸ್ತಕದಂಗಡಿಗಳಲ್ಲಿ ವಿರಾಜಿಸುತ್ತಿವೆ. ಹಲವದರ ಬೆಲೆ ಸಾವಿರ ರೂಪಾಯಿಗೂ ಮಿಗಿಲು, ಭಾಷೆ ಇಂಗ್ಲಿಷು. ಇದನ್ನು ಕಂಡು ನಮ್ಮ ಸಾಹಿತ್ಯವಲಯದಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಇಂಥ ಕಸ ಕನ್ನಡಕ್ಕೆ ಬೇಡ’ ಎಂಬುದು ಪಂಡಿತರ ಮಾತು. ‘ಇವನ್ನು ಇಂಗ್ಲಿಷಿನಲ್ಲಿ ಓದಿದರೇ ಸೊಗಸು’ ಎಂಬುದು ರಸಿಕರ ಮಾತು. ಇಬ್ಬರೂ ಪರಸ್ಪರ ವಿರೋಧಿಗಳಂತೆ ಕಂಡರೂ, ಕೂಡ್ಲಿಗಿಯ ಹುಡುಗನ ಕೈಗೆ ಪುಸ್ತಕ ಸಿಗದಂತೆ ಮಾಡುವುದರಲ್ಲಿ ಒಂದೇ ಮನೆಯವರು.

ಪಂಡಿತರು ಮರೆತ ಸಂಗತಿಯೊಂದುಂಟು. ಈ ವೀರರಿಗೆ ಕನ್ನಡ ಹೊಸದೇನಲ್ಲ. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ 1936ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಕಾಣಿಸಿಕೊಂಡನು. ಸೂಪರ್‌ಮ್ಯಾನ್ ಬಂದದ್ದು ಅದಾದ ಎರಡು ವರ್ಷಕ್ಕೆ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು ‘ಇಂದ್ರಜಾಲ ಕಾಮಿಕ್ಸ್’ ಆರಂಭಿಸಿದಾಗ ಮೊದಲ 32 ಸಂಚಿಕೆಗಳೂ ಫ್ಯಾಂಟಮನವೇ. ಮುಂದೆ ಆ ಮಾಲೆ ಕನ್ನಡದಲ್ಲಿಯೂ ಬಂದಿತು. 1990ರಲ್ಲಿ ಇಡೀ ಮಾಲೆಯೇ ನಿಂತಿತು. ‘ಅಮರ ಚಿತ್ರ ಕಥೆ’ಯ ವೃತ್ತಾಂತವಂತೂ ಇನ್ನೂ ಸ್ವಾರಸ್ಯವಾದುದು. 1965ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಅದು ಮೊದಲು ಹುಟ್ಟಿದ್ದು ಕನ್ನಡದಲ್ಲಿ. ಆ ಮೊದಲ ಹತ್ತು ಪುಸ್ತಕಗಳು ಸಿಂಡರೆಲಾ, ಪಿನೋಕಿಯೋ ಮುಂತಾದ ಹೊರನಾಡಿನ ಕಥೆಗಳು. ಕೃಷ್ಣನ ಸರದಿ ಹನ್ನೊಂದನೆಯದು. ದೇಶಕ್ಕೆಲ್ಲ ದಾರಿ ತೋರಿದ ಭಾಷೆ ಇಂದು ಕೈಕಟ್ಟಿ ನಿಂತಿರುವುದು ಯಾವ ನ್ಯಾಯ?

ಈ ವೇಷ, ಈ ಹಾರಾಟ ನಮ್ಮ ಹಳ್ಳಿಯ ಮಕ್ಕಳಿಗೆ ಪರಕೀಯವೆಂಬ ಆಕ್ಷೇಪವನ್ನು ಕೇಳಿದ್ದೇನೆ. ಹಾಗೆನ್ನುವವರು ನಮ್ಮ ಕಡೆಯ ದೊಡ್ಡಾಟವನ್ನು ನೋಡಿರಲಾರರು. ಕಿರೀಟ, ಭುಜಕೀರ್ತಿ, ಎದೆಹಾರ ತೊಟ್ಟು ಅಟ್ಟ ನಡುಗುವಂತೆ ಕುಣಿಯುವ ಕರ್ಣಾರ್ಜುನರನ್ನು ಬೆಳಗಿನ ಜಾವದವರೆಗೆ ನಿದ್ದೆಗೆಟ್ಟು ನೋಡಿದ ಹುಡುಗನಿಗೆ ನೀಲಿ ಅಂಗಿಯ ಒಬ್ಬ ಗಗನಚಾರಿ ಯಾವ ಮಹಾ ವಿಚಿತ್ರ? ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷವರ್ಷವೂ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಜನಸಾಗರವೇ ಉಸಿರು ಬಿಗಿಹಿಡಿಯುತ್ತದೆ. ಅದ್ಭುತವನ್ನು ನಂಬಿಯೂ ನಂಬದೆಯೂ ಸವಿಯುವ ವಿದ್ಯೆ ಈ ಜನಕ್ಕೆ ಯಾರೂ ಕಲಿಸಬೇಕಾದದ್ದಲ್ಲ.

ಇದು ಸಾಹಿತ್ಯವೇ ಅಲ್ಲ ಎಂಬುದು ಇನ್ನೊಂದು ಆಕ್ಷೇಪ. ಇರಲಿ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ಮೊದಲು ಕನ್ನಡವನ್ನು ಕಡೆಗಣಿಸಿದ್ದವರು, ಅ.ನ.ಕೃ. ಅವರ ‘ಸಂಧ್ಯಾರಾಗ’ವನ್ನೋದಿ ಕನ್ನಡಕ್ಕೆ ತಿರುಗಿದರೆಂಬುದು ಪ್ರಸಿದ್ಧ. ವ್ಯಾಕರಣಗ್ರಂಥವಾಗಲಿ ಹಳಗನ್ನಡ ಕಾವ್ಯವಾಗಲಿ ಅವರನ್ನು ತಿರುಗಿಸಲಿಲ್ಲ. ಕೆಳಗಿಡಲಾಗದ ಒಂದು ಕಾದಂಬರಿ ತಿರುಗಿಸಿತು. ಕನ್ನಡವನ್ನು ಬೋಧಿಸಿ ಉಣ್ಣುವ ನಾನು ಈ ಪಾಠವನ್ನು ಮರೆಯಲಾರೆ. ತರಗತಿಗೆ ಬರುವ ತರುಣರು ನಾಲ್ಕು ಪುಟವನ್ನು ತಡವರಿಸದೆ ಓದಲಾರದೆ ಹೋದರೆ ಪಂಪನನ್ನು ಯಾರಿಗೆ ಹೇಳಿಕೊಡೋಣ? ಓದುವ ಚಟ ಹತ್ತಬೇಕಾದ್ದು ಹತ್ತು ವರ್ಷದೊಳಗೆ. ಆಗ ಕೈಯಲ್ಲಿ ಏನಿತ್ತೆಂಬುದೇ ಪ್ರಶ್ನೆ.

ಮೂರನೆಯ ಆಕ್ಷೇಪವೊಂದೇ ತೂಕವುಳ್ಳದ್ದು. ಫ್ಯಾಂಟಮನ ಕಥೆಯಲ್ಲಿ ಬಿಳಿಯನೊಬ್ಬನು ತಲೆತಲಾಂತರದಿಂದ ಕಪ್ಪು ಜನರ ಕಾಡಿಗೆ ರಕ್ಷಕನಾಗಿ ಕುಳಿತಿದ್ದಾನೆ. ಅವನನ್ನು ಪೂಜ್ಯನೆಂದು ಕಾಣುವ ಕುಳ್ಳ ಕಾಡುಜನರ ಹೆಸರು ‘ಬಂದರ್’. ಹಿಂದಿಯಲ್ಲಿ ಆ ಮಾತಿಗೆ ಕೋತಿಯೆಂದರ್ಥ. ಇಂದ್ರಜಾಲದ ಸಂಪಾದಕರು ಬೆಂಗಾಲವೆಂಬ ದೇಶನಾಮವನ್ನು ಡೆಂಕಾಲಿಯೆಂದು ತಿದ್ದಿದರು. ಆದರೆ ಹೆಸರು ತಿದ್ದಿದ ಮಾತ್ರಕ್ಕೆ ಕಥೆಯ ದೃಷ್ಟಿ ತಿದ್ದಲಿಲ್ಲ. ಆದ್ದರಿಂದ ಕನ್ನಡದ ಮರುಮುದ್ರಣ ಬಂದರೆ ಅದಕ್ಕೊಂದು ಮುನ್ನುಡಿ ಬೇಕು. ಯಾವ ಕಾಲದಲ್ಲಿ, ಯಾರು, ಯಾರನ್ನು ಹೀಗೆ ಕಂಡರೆಂದು ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಇಂಗ್ಲಿಷ್ ಪ್ರತಿಯಲ್ಲಿ ಇದೇ ವಿಷ ನಮ್ಮ ಮನೆಗಳಿಗೆ ಬಂದಾಗ ಸುಮ್ಮನಿರುವವರು, ಕನ್ನಡವೆಂದೊಡನೆ ಶೀಲದ ಕಾವಲುಗಾರರಾಗುವುದೇಕೆ?

ಇನ್ನು ರಸಿಕರು. ಬಾಲ್ಯದ ನೆನಪನ್ನು ಸಾವಿರ ರೂಪಾಯಿಗೆ ಕೊಂಡು ಕಪಾಟಿನಲ್ಲಿಡುವುದು ಅವರ ಇಚ್ಛೆ. ಆದರೆ ಕನ್ನಡದಲ್ಲಿ ಇದು ನಡೆಯದೆಂಬ ಅವರ ಕಣಿಯನ್ನು ಒಪ್ಪಲಾರೆ. ಆಸ್ಟ್ರೇಲಿಯದಲ್ಲಿ 1948ರಿಂದ ಫ್ಯಾಂಟಮನಿಗೆ ಪತ್ರಿಕೆಯಿದೆ; 1950ರಲ್ಲಿ ಸ್ವೀಡನ್ ತನ್ನ ಭಾಷೆಯಲ್ಲಿಯೇ ಒಂದನ್ನು ಹೊರಡಿಸಿತು. ಅಷ್ಟು ದೂರವೇಕೆ? 1972ರಲ್ಲಿ ಶಿವಕಾಶಿಯಿಂದ ಹೊರಟ ಮುತ್ತು ಕಾಮಿಕ್ಸಿನವರು ಪರದೇಶದ ಚಿತ್ರಕಥೆಗಳನ್ನು ಇಂದಿಗೂ ತಮಿಳಿನಲ್ಲಿ ಅಚ್ಚುಹಾಕುತ್ತಿದ್ದಾರೆ. ಸ್ವೀಡನ್ನಿನ ಜನಸಂಖ್ಯೆ ಕನ್ನಡಿಗರ ಕಾಲುಭಾಗಕ್ಕಿಂತಲೂ ಕಡಿಮೆ. ಓದುಗರಿಲ್ಲವೆಂಬ ನೆಪಕ್ಕೆ ಇನ್ನೇನು ಉತ್ತರ ಬೇಕು?

ಹಣದ ಮಾತಿಗೆ ಬರೋಣ. ‘ಅಮರ ಚಿತ್ರ ಕಥೆ’ ಕನ್ನಡದಲ್ಲಿ ಹುಟ್ಟಿದ ಅದೇ 1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ ಆಯಿತು. ಅದರ ಬಲದಿಂದ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡಲಾಗುತ್ತಿದೆ. ಕೊಟ್ಟೂರಿನ ವ್ಯಾಪಾರಿಯೂ ಹಗರಿಬೊಮ್ಮನಹಳ್ಳಿಯ ಮನೆಯೊಡೆಯನೂ ಇದಕ್ಕೆ ಹೊರತಲ್ಲ. ಪಂಚಾಯತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆನಿಸಿಕೊಂಡಿವೆ. ಮಕ್ಕಳನ್ನು ಓದಿಗೆ ಸೆಳೆಯಲು ‘ಓದುವ ಬೆಳಕು’ ಎಂಬ ಯೋಜನೆಯೂ ಉಂಟು. ಪ್ರತಿ ಪಂಚಾಯತಿಗೂ ಒಂದೊಂದು ಪ್ರತಿ ಕೊಳ್ಳುವೆವೆಂದು ಸರಕಾರವು ಮೊದಲೇ ಒಪ್ಪಿಕೊಂಡರೆ, ಹಕ್ಕಿನ ಹಣ ಕೊಟ್ಟು ಅಗ್ಗದ ಕಾಗದದಲ್ಲಿ ಅಚ್ಚುಹಾಕಲು ಪ್ರಕಾಶಕರು ಹಿಂಜರಿಯಲಾರರು.

ಜೊತೆಗೆ ಇನ್ನೊಂದು ಋಣ. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಸೀಗಲ್ ಮತ್ತು ಶುಸ್ಟರ್ 1938ರಲ್ಲಿ ಕೇವಲ 130 ಡಾಲರಿಗೆ ಹಕ್ಕು ಮಾರಿ, ಮುಂದೆ ದಶಕಗಳ ಹೋರಾಟದಿಂದ ತಮ್ಮ ಹೆಸರನ್ನು ಪುಟಕ್ಕೆ ಮರಳಿ ತಂದರು. ಇವರನ್ನು ಕನ್ನಡ ನುಡಿಸಿದ ಅನುವಾದಕರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹಳೆಯ ಪ್ರತಿಗಳು ರದ್ದಿಯಂಗಡಿಯಲ್ಲಿ ಪೊಟ್ಟಣವಾಗುವ ಮುನ್ನ ಅವನ್ನು ಕೂಡಿಸಿ, ಆ ಹೆಸರುಗಳನ್ನು ಹುಡುಕುವ ಕೆಲಸವನ್ನು ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಈ ವರ್ಷವೇ ಕೈಗೊಳ್ಳಲಿ. ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ.