ಓಪಲನ್ನು ತೂಗಿ ಬೆಲೆ ಕಟ್ಟಬಹುದೆ?

ಹರಳುಗಳ ವ್ಯಾಪಾರದಲ್ಲಿ ತಕ್ಕಡಿಯ ಮಾತೇ ಕಡೆಯ ಮಾತು. ವಜ್ರವಾಗಲಿ, ಕೆಂಪಾಗಲಿ, ನೀಲವಾಗಲಿ, ಮೊದಲು ತೂಗಿ ಆಮೇಲೆ ಬೆಲೆ ಹೇಳುವುದು ರೂಢಿ. ಕ್ಯಾರೆಟ್ ಎಂಬುದು ಒಂದು ಗ್ರಾಮಿನ ಐದನೆಯ ಒಂದು ಪಾಲು. ಕ್ಯಾರೆಟ್ಟಿಗೆ ಇಷ್ಟು ಎಂದೊಡನೆ ಕೊಳ್ಳುವವನಿಗೂ ಮಾರುವವನಿಗೂ ಒಂದು ಬಗೆಯ ಸಮಾಧಾನವುಂಟಾಗುತ್ತದೆ. ಆದರೆ ಓಪಲ್ ಎಂಬ ಕಲ್ಲಿನ ಮಟ್ಟಿಗೆ ಈ ರೂಢಿ ಭೌತವಿಜ್ಞಾನಕ್ಕೆ ಒಪ್ಪತಕ್ಕದ್ದಲ್ಲವೆಂದೂ, ಇದರ ದೆಸೆಯಿಂದ ಒಳ್ಳೆಯ ಕಲ್ಲುಗಳು ಸಾಣೆಯ ಮೇಲೆಯೇ ಕೆಡುತ್ತಿವೆಯೆಂದೂ ನಮ್ಮ ಅಭಿಪ್ರಾಯ. ಕಾಲೇಜಿನಲ್ಲಿ ಬೆಳಕಿನ ಪಾಠ ಹೇಳಿಕೊಂಡಿರುವ ನಮಗೆ ರತ್ನದಂಗಡಿಯ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಓಪಲಿನ ಅಂಗಡಿಯಲ್ಲಿ ಮಾರಾಟವಾಗುವುದು ಬೆಳಕೇ ಹೊರತು ಕಲ್ಲಲ್ಲ. ಆದುದರಿಂದ ಆ ಮಾತನ್ನಾಡುವ ಅಧಿಕಾರ ನಮಗೂ ಸ್ವಲ್ಪ ಉಂಟು.

ಓಪಲ್ ಎಂಬ ಹೆಸರು ಸಂಸ್ಕೃತದ 'ಉಪಲ'ದಿಂದ ಹೊರಟು ಗ್ರೀಕ್ ಲ್ಯಾಟಿನ್ ಭಾಷೆಗಳನ್ನು ಹಾದು ಬಂದುದೆಂದು ಹೇಳುವ ಪಂಡಿತರಿದ್ದಾರೆ. ಉಪಲವೆಂದರೆ ನಮ್ಮಲ್ಲಿ ಬರಿಯ ಕಲ್ಲು. ಈ ರತ್ನಕ್ಕೆ ಭಾರತವೇ ತವರೆಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಮುಂದೆ ಶತಮಾನಗಳ ಕಾಲ ಯುರೋಪಿಗೆ ಇದನ್ನು ಒದಗಿಸಿದ್ದಾದರೋ ಇಂದಿನ ಸ್ಲೊವಾಕಿಯದಲ್ಲಿರುವ ಡುಬ್ನಿಕ್ ಗಣಿಗಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಸ್ಟ್ರೇಲಿಯ ಮುಂದೆ ಬಂದಿತು. ನ್ಯೂ ಸೌತ್ ವೇಲ್ಸಿನ ಲೈಟ್ನಿಂಗ್ ರಿಜ್ ಕಪ್ಪು ಓಪಲಿಗೂ, ದಕ್ಷಿಣ ಆಸ್ಟ್ರೇಲಿಯದ ಕೂಬರ್ ಪೀಡಿ ಬಿಳಿಯ ಓಪಲಿಗೂ ಹೆಸರಾದುವು.

ರಸಾಯನಶಾಸ್ತ್ರದ ದೃಷ್ಟಿಯಿಂದ ಓಪಲ್ ತೀರ ಬಡ ಪದಾರ್ಥ. ಹೊಳೆಯ ಮರಳಿನಲ್ಲಿರುವ ಸಿಲಿಕವೇ ಇದರಲ್ಲಿಯೂ ಇರುವುದು. ಅದರೊಡನೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 10 ಪಾಲು ನೀರು. ಮೋಸ್ ಮಾನದಲ್ಲಿ ಇದರ ಕಾಠಿಣ್ಯ 5.5ರಿಂದ 6.5, ಬೆಣಚುಕಲ್ಲಿನದು 7. ಕೆಂಪಿನಲ್ಲಿ ಕ್ರೋಮಿಯಮ್ ಇರುವಂತೆ ಇದರಲ್ಲಿ ಬಣ್ಣ ಕೊಡುವ ದ್ರವ್ಯವೇನೂ ಬೇಕಿಲ್ಲ. ಕುಟ್ಟಿ ಪುಡಿ ಮಾಡಿದರೆ ಕೆಂಪು ಹಸಿರುಗಳೆಲ್ಲ ಮಾಯವಾಗಿ ಬಿಳಿಯ ಧೂಳು ಉಳಿಯುತ್ತದೆ. ಹಾಗಾದರೆ ಬಣ್ಣ ಇದ್ದುದೆಲ್ಲಿ?

ಈ ಪ್ರಶ್ನೆಯನ್ನು ನಮ್ಮ ಬೆಂಗಳೂರಿನಲ್ಲಿಯೇ ಕೈಗೆತ್ತಿಕೊಂಡವರುಂಟು. ಸಿ. ವಿ. ರಾಮನ್ ಅವರು ಎ. ಜಯರಾಮನ್ ಅವರೊಡನೆ ಓಪಲಿನ ರಚನೆಯನ್ನೂ ವರ್ಣವಿಲಾಸವನ್ನೂ ಕುರಿತು 1953ರಲ್ಲಿ ಲೇಖನಗಳನ್ನು ಪ್ರಕಟಿಸಿದರು. ವಕ್ರೀಭವನಾಂಕದಲ್ಲಿ ಸ್ವಲ್ಪ ಭೇದವುಳ್ಳ ಪದರಗಳು ಒಂದರ ಮೇಲೊಂದು ಕ್ರಮವಾಗಿ ಕುಳಿತಿರುವುದೇ ಬಣ್ಣಕ್ಕೆ ಕಾರಣವೆಂದು ಅವರ ಊಹೆ. ಪದರಗಳು ಎಂತಹವು ಎಂಬ ವಿಷಯದಲ್ಲಿ ಆ ಊಹೆ ನಿಲ್ಲಲಿಲ್ಲ. ಒಂದು ಕ್ರಮ ಮತ್ತೆ ಮತ್ತೆ ಆವರ್ತಿಸುತ್ತಿರಬೇಕೆಂಬ ಮಾತು ಮಾತ್ರ ನಿಂತಿತು. 1964ರಲ್ಲಿ ಮೆಲ್ಬರ್ನಿನ ಸ್ಯಾಂಡರ್ಸ್ ಮತ್ತು ಆತನ ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸಂತೆಯಲ್ಲಿ ನಿಂಬೆಯ ಹಣ್ಣನ್ನು ಒಪ್ಪವಾಗಿ ಒಟ್ಟಿದಂತೆ ಸಿಲಿಕದ ಪುಟ್ಟ ಗೋಳಗಳು ಸಾಲು ಸಾಲಾಗಿ ಕಂಡುವು. ಗೋಳದ ಅಡ್ಡಳತೆ ಸುಮಾರು 150ರಿಂದ 300 ನ್ಯಾನೊಮೀಟರ್. ಇನ್ನೂರೈವತ್ತರ ಗೋಳಗಳಾದರೆ ಒಂದು ಮಿಲಿಮೀಟರಿನ ಉದ್ದಕ್ಕೆ ನಾಲ್ಕು ಸಾವಿರ ಹಿಡಿಯುತ್ತವೆ. ಬಣ್ಣವಾಡದ ಓಪಲಿನಲ್ಲಿ (ಅಲ್ಲಿನ ಗಣಿಗಾರರು ಇದನ್ನು 'ಪಾಚ್' ಎನ್ನುತ್ತಾರೆ) ಗೋಳಗಳಿದ್ದರೂ ಗಾತ್ರ ಒಂದೇ ಸಮನಾಗಿಲ್ಲ, ಜೋಡಣೆಯಲ್ಲಿ ಕ್ರಮವಿಲ್ಲ. ರತ್ನಕ್ಕೂ ಪಾಚಿಗೂ ಇರುವ ಅಂತರ ಪದಾರ್ಥದ್ದಲ್ಲ, ಶಿಸ್ತಿನದು.

ಇಂಥ ಸಾಲುಗಳ ಮೇಲೆ ಬೆಳಕು ಬಿದ್ದರೆ ಏನಾಗುವುದೆಂಬುದನ್ನು ಬ್ರ್ಯಾಗ್ ನಿಯಮ ಹೇಳುತ್ತದೆ. ಒಂದೊಂದು ಸಾಲಿನಿಂದ ಹಿಂದಿರುಗಿದ ಅಲೆಗಳು ಯಾವ ಬಣ್ಣಕ್ಕೆ ಹೆಜ್ಜೆ ಕೂಡಿಸುತ್ತವೆಯೋ ಆ ಬಣ್ಣ ಮಾತ್ರ ಪ್ರಜ್ವಲಿಸುತ್ತದೆ, ಮಿಕ್ಕದ್ದು ಹಾದುಹೋಗುತ್ತದೆ. ಲೆಕ್ಕ ಹಾಕಿದರೆ, ಸಾಲುಗಳಿಗೆ ನೇರವಾಗಿ ನೋಡಿದಾಗ ಕಾಣುವ ಬೆಳಕಿನ ತರಂಗಾಂತರ ಗೋಳದ ಅಡ್ಡಳತೆಯ ಸುಮಾರು 2.4ರಷ್ಟು. ಇನ್ನೂರು ನ್ಯಾನೊಮೀಟರಿನ ಗೋಳ ನೀಲಿಯನ್ನು ದಾಟಲಾರದು. ಕೆಂಪು ಬೇಕೆಂದರೆ ಗೋಳ ಮುನ್ನೂರಕ್ಕೆ ಹತ್ತಿರವಿರಬೇಕು. ಓರೆಯಾಗಿ ನೋಡುತ್ತ ಹೋದಂತೆ ಕೆಂಪು ಹಳದಿಗೂ ಹಸಿರಿಗೂ ಜಾರುತ್ತದೆ. ಆದುದರಿಂದಲೇ ಕೆಂಪು ತೋರುವ ಓಪಲ್ ಉಳಿದ ಬಣ್ಣಗಳನ್ನೂ ತೋರಬಲ್ಲದು, ನೀಲಿಯ ಓಪಲ್ ಕೆಂಪನ್ನು ಎಂದಿಗೂ ತೋರಲಾರದು.

ಈ ನಿಯಮವನ್ನು 1912ರಲ್ಲಿ ಕಂಡುಹಿಡಿದ ಲಾರೆನ್ಸ್ ಬ್ರ್ಯಾಗ್ ಹುಟ್ಟಿದ್ದು ದಕ್ಷಿಣ ಆಸ್ಟ್ರೇಲಿಯದ ಅಡಿಲೇಡಿನಲ್ಲಿ. ತಂದೆಯೊಡನೆ ಆತನಿಗೆ ನೊಬೆಲ್ ಪಾರಿತೋಷಕ ಬಂದ 1915ರಲ್ಲಿಯೇ ಅದೇ ಪ್ರಾಂತದ ಕೂಬರ್ ಪೀಡಿಯಲ್ಲಿ ಓಪಲ್ ಸಿಕ್ಕಿತು. ಬರಿಯ ಕಾಕತಾಳೀಯ, ಆದರೂ ತರಗತಿಯಲ್ಲಿ ಹೇಳಲು ನಮಗೆ ಸಂತೋಷವಾಗುವ ಕಾಕತಾಳೀಯ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಣೆಗಾರನ ಬಳಿಗೆ ಹೋಗೋಣ. ವಜ್ರವನ್ನು ಕಡೆಯುವವನಿಗೆ ಒಂದು ಆಧಾರವುಂಟು. ವಜ್ರದ ವಕ್ರೀಭವನಾಂಕ 2.42, ಒಳಹೊಕ್ಕ ಬೆಳಕು ತಳದ ಮುಖಗಳಲ್ಲಿ ಪೂರ್ಣವಾಗಿ ಪ್ರತಿಫಲಿಸಿ ಮೇಲಕ್ಕೆ ಬರುವಂತೆ ಕೋನಗಳನ್ನು ಕಾಗದದ ಮೇಲೆ ಗಣಿಸಬಹುದು, 1919ರಲ್ಲಿ ಮಾರ್ಸೆಲ್ ತೊಲ್ಕೊವ್ಸ್ಕಿ ಗಣಿಸಿಯೂ ತೋರಿಸಿದ. ಓಪಲಿನಲ್ಲಿ ಈ ಸೌಕರ್ಯವಿಲ್ಲ. ಇಲ್ಲಿ ಹೊಳೆಯುವುದು ಮುಖಗಳ ಕೋನವಲ್ಲ, ಒಳಗಿನ ಗೋಳಗಳ ಸಾಲು. ಆ ಸಾಲು ಯಾವ ಕಡೆಗೆ ಮುಖ ಮಾಡಿದೆಯೆಂಬುದು ಕಲ್ಲು ಕಲ್ಲಿಗೂ ಬೇರೆ, ಒಂದೇ ಕಲ್ಲಿನ ಒಂದೊಂದು ಚಿಕ್ಕೆಗೂ ಬೇರೆ. ಆದುದರಿಂದ ಸಾಣೆಗಾರನು ಪ್ರತಿಯೊಂದು ಕಲ್ಲಿನಲ್ಲಿಯೂ ಮೊದಲಿನಿಂದ ಪ್ರಯೋಗ ಮಾಡಬೇಕು.

ಆ ಪ್ರಯೋಗ ನೋಡತಕ್ಕದ್ದು. ಒರಟು ಕಲ್ಲನ್ನು ಮೊದಲು ನೀರಿನಿಂದ ತೋಯಿಸುತ್ತಾರೆ. ಮೈಮೇಲಿನ ಗೀರುಗಳನ್ನು ನೀರು ತುಂಬಿಕೊಂಡೊಡನೆ ಬೆಳಕಿನ ಚೆದರಿಕೆ ಕಡಮೆಯಾಗಿ, ಮೆರುಗು ಕೊಟ್ಟಂತೆ ಒಳಗು ಕಾಣುತ್ತದೆ. ಒಂದೇ ದೀಪದ ಕೆಳಗೆ ಕಲ್ಲನ್ನು ಸುತ್ತಲೂ ತಿರುಗಿಸಿ, ಬಣ್ಣದ ಪಟ್ಟೆ ಎಲ್ಲಿ ಹೊಕ್ಕಿದೆ, ಎಲ್ಲಿ ಬಾಗಿದೆ, ಎಷ್ಟು ದಪ್ಪವಿದೆ ಎಂದು ನೋಡುತ್ತಾರೆ. ಅನೇಕ ವೇಳೆ ಆ ಪಟ್ಟೆ ಒಂದೆರಡು ಮಿಲಿಮೀಟರಿಗಿಂತ ದಪ್ಪವಿರುವುದಿಲ್ಲ. ವಜ್ರದ ಪುಡಿ ಲೇಪಿಸಿದ ತೆಳುವಾದ ಗರಗಸಚಕ್ರದಿಂದ, ನೀರು ಬಿಡುತ್ತಲೇ, ಬೇಡದ ಭಾಗವನ್ನು ಕೊಯ್ದು ತೆಗೆಯುತ್ತಾರೆ. ಆಮೇಲೆ ಅರಗಿನಂಥ ಮೇಣದಿಂದ ಕಲ್ಲನ್ನು ಒಂದು ಕಡ್ಡಿಯ ತುದಿಗೆ ಕೂರಿಸಬೇಕು. ಕಲ್ಲಿನೊಳಗೆ ನೀರಿರುವುದರಿಂದ ಬಿಸಿ ಥಟ್ಟನೆ ತಾಕಿದರೆ ಅದು ಸೀಳುತ್ತದೆ. ಕೈಗೆ ಹಿತವಾಗುವಷ್ಟು ಬೆಚ್ಚಗೆ ಮಾಡಿಯೇ ಅಂಟಿಸಬೇಕು. ಚಕ್ರದ ಮೇಲೆ 220ರ ಕಣದಿಂದ ಆರಂಭಿಸಿ 600, 1,200, 3,000 ಎಂದು ನುಣುಪಿನಿಂದ ನುಣುಪಿಗೆ ಹೋಗುತ್ತ ಮೇಲ್ಮೈಯನ್ನು ಗುಮ್ಮಟದಂತೆ ತಿರುವುತ್ತಾರೆ. ಒಂದು ಚಕ್ರದ ಗೀರು ಪೂರ್ಣವಾಗಿ ಅಳಿಯದೆ ಮುಂದಿನ ಚಕ್ರಕ್ಕೆ ಹೋದರೆ ಆ ಗೀರು ಮೆರುಗಿನಲ್ಲಿ ಎದ್ದು ಕಾಣುತ್ತದೆ. ಕೊನೆಗೆ ಉಣ್ಣೆಯ ಕಂಬಳಿಯ ಅಥವಾ ತೊಗಲಿನ ಚಕ್ರದ ಮೇಲೆ ಸೀರಿಯಮ್ ಆಕ್ಸೈಡನ್ನು ನೀರಿನಲ್ಲಿ ಕಲಸಿ ಹಚ್ಚಿ ಮೆರುಗು ಕೊಡುವುದು. ಈ ಕೊನೆಯ ಕೆಲಸ ಅರೆಯುವುದರ ಮುಂದುವರಿಕೆ ಮಾತ್ರವಲ್ಲ. ಆಕ್ಸೈಡಿನ ಕಣ ನೀರಿನ ಸಹಾಯದಿಂದ ಸಿಲಿಕದ ಮೈಯೊಡನೆ ರಾಸಾಯನಿಕವಾಗಿ ಹೆಣೆದುಕೊಂಡು ಅದನ್ನು ಅತಿ ಸೂಕ್ಷ್ಮವಾಗಿ ಎತ್ತಿ ಒಯ್ಯುತ್ತದೆ. ದೂರದರ್ಶಕದ ಮಸೂರಕ್ಕೆ ಮೆರುಗು ಬರುವುದೂ ಇದೇ ವಿಧಾನದಿಂದ.

ಇದರಲ್ಲೆಲ್ಲ ಕಠಿಣವಾದುದು ನಿಲ್ಲಿಸುವ ಸಮಯವನ್ನು ತಿಳಿಯುವುದು. ಚಕ್ರದ ಇನ್ನೆರಡು ಸುತ್ತಿಗೆ ಇದಕ್ಕಿಂತ ಉಜ್ವಲವಾದ ಪದರ ದೊರೆಯಬಹುದು. ಬಣ್ಣವೆಲ್ಲ ಕೆಸರಾಗಿ ಹರಿದುಹೋಗಿ ಪಾಚ್ ಮಾತ್ರ ಉಳಿಯಲೂಬಹುದು. ಪಟ್ಟೆ ಅಲೆಯಂತೆ ಬಾಗಿದ್ದರೆ ಜಾಣನಾದವನು ಗುಮ್ಮಟವನ್ನೂ ಅಲೆಯಂತೆಯೇ ಬಾಗಿಸುತ್ತಾನೆ. ಹಿಂಬದಿಯ ಪಾಚ್ ಕಪ್ಪಾಗಿದ್ದರೆ ಒಂದಿಷ್ಟನ್ನು ಬಿಡುತ್ತಾನೆ. ಹಾದುಹೋದ ಬೆಳಕನ್ನು ಅದು ನುಂಗಿಬಿಡುವುದರಿಂದ ಮರಳಿ ಬಂದ ಶುದ್ಧವರ್ಣ ಕಲಬೆರಕೆಯಿಲ್ಲದೆ ಕಾಣುತ್ತದೆ. ಬಿಳಿಯ ಪಾಚ್ ಎಲ್ಲ ಬೆಳಕನ್ನೂ ಹಿಂದಕ್ಕೆ ಚೆಲ್ಲಿ ಬಣ್ಣವನ್ನು ತೊಳೆದು ಹಾಕುತ್ತದೆ. ಲೈಟ್ನಿಂಗ್ ರಿಜ್‌ನ ಕಪ್ಪು ಓಪಲಿನ ಹಿರಿಮೆಯ ಗುಟ್ಟು ಇದೇ.

ಇನ್ನು ತಕ್ಕಡಿ ಮಾಡುವ ಅನ್ಯಾಯವನ್ನು ನೋಡಿ. ಕ್ಯಾರೆಟ್ಟಿನಂತೆ ಬೆಲೆಯೆಂದ ಮೇಲೆ, ಹಿಂಬದಿಯಲ್ಲಿ ದಪ್ಪವಾಗಿ ಉಳಿದ ಬಿಳಿಯ ಪಾಚಿಗೂ ಕೊಳ್ಳುವವನೇ ಹಣ ಕೊಡಬೇಕು. ಅದನ್ನು ಸವೆಸಿ ತೆಗೆದ ಪ್ರಾಮಾಣಿಕ ಸಾಣೆಗಾರನಿಗೆ ನಷ್ಟ, ಬಿಟ್ಟವನಿಗೆ ಲಾಭ. ಸಾಲುಗಳ ದಿಕ್ಕಿಗೆ ಸರಿಯಾಗಿ ಮುಖವನ್ನು ಹತ್ತು ಡಿಗ್ರಿ ವಾಲಿಸಿದರೆ ಕೆಂಪು ಎದುರಿಗೇ ಬರುತ್ತದೆಂದು ಅವನಿಗೆ ಗೊತ್ತು. ಹಾಗೆ ವಾಲಿಸಿದರೆ ತೂಕ ಹೋಗುತ್ತದೆಂಬುದೂ ಗೊತ್ತು. ಕೆಂಪನ್ನು ಓರೆಗೆ ಬಿಟ್ಟು ತೂಕವನ್ನು ಉಳಿಸಿಕೊಳ್ಳುತ್ತಾನೆ. ನಾವು ಅವನನ್ನು ದೂರುವುದಿಲ್ಲ. ಹೊಟ್ಟೆಪಾಡಿನ ಲೆಕ್ಕ ಅದು. ಇದರ ಸೋದರನೆಂಬಂತೆ ಇನ್ನೊಂದು ಅನಿಷ್ಟವಿದೆ. ಸಿದ್ಧವಾದ ಉಂಗುರಗಳಿಗೆ ಒಗ್ಗಲೆಂದು 8 ಮಿಲಿಮೀಟರ್ ಉದ್ದ 6 ಮಿಲಿಮೀಟರ್ ಅಗಲದ ಅಂಡಾಕಾರವೇ ಮೊದಲಾದ ಅಚ್ಚುಗಳುಂಟು. ಬಣ್ಣದ ಪಟ್ಟೆ ಉದ್ದವಾಗಿ ಕವಲೊಡೆದಿರಲಿ, ತ್ರಿಕೋಣವಾಗಿರಲಿ, ಅದನ್ನು ಈ ಅಂಡದೊಳಗೆ ತುರುಕಲು ಅಂಚುಗಳನ್ನೆಲ್ಲ ಅರೆದುಹಾಕುತ್ತಾರೆ.

ಅಚ್ಚಿನ ಪಕ್ಷದಲ್ಲಿಯೂ ಹೇಳತಕ್ಕ ಮಾತಿದೆ. ಅಳತೆ ನಿಗದಿಯಾದುದರಿಂದಲೇ ಸಾಮಾನ್ಯನ ಉಂಗುರಕ್ಕೆ ಓಪಲ್ ಎಟುಕಿತು. ಒಂದೊಂದು ಕಲ್ಲಿಗೂ ಬೇರೆ ಕಟ್ಟು ಮಾಡಿಸಲು ಎಲ್ಲರಿಗೂ ಶಕ್ತಿಯಿಲ್ಲ. ಒಪ್ಪಿದೆವು. ಅದಕ್ಕೆ ಜೋಡುಕಲ್ಲುಗಳಿವೆಯಲ್ಲ. ತೆಳುವಾದ ಓಪಲ್ ಹಾಳೆಯನ್ನು ಕಪ್ಪು ತಳಕ್ಕೆ ಅಂಟಿಸಿದರೆ ಇಮ್ಮಡಿ ಕಲ್ಲು. ಅದರ ಮೇಲೆ ಸ್ಫಟಿಕದ ಅಥವಾ ಗಾಜಿನ ಗುಮ್ಮಟವನ್ನು ಕೂರಿಸಿದರೆ ಮುಮ್ಮಡಿ ಕಲ್ಲು. ಕಪ್ಪು ಪಾಚ್ ಮಾಡುವ ಕೆಲಸವನ್ನೇ ಆ ಕಪ್ಪು ತಳವೂ ಮಾಡುತ್ತದೆ. ಇದರಲ್ಲಿ ಭೌತವಿಜ್ಞಾನಕ್ಕೆ ಆಕ್ಷೇಪಣೆಯಿಲ್ಲ. ಹೆಸರು ಹೇಳಿ ಮಾರಿದರೆ ಧರ್ಮಕ್ಕೂ ಆಕ್ಷೇಪಣೆಯಿಲ್ಲ. ಇವನ್ನು ಬೇಕಾದ ಅಚ್ಚಿನಲ್ಲಿ ಎರೆದಂತೆ ಕತ್ತರಿಸಲಿ. ಇಡೀ ಕಲ್ಲನ್ನು ಮಾತ್ರ ಅದರ ಪಾಡಿಗೆ ಬಿಡಬೇಕು.

ತೂಕದ ಪೊಳ್ಳುತನವನ್ನು ಇನ್ನೂ ಚೆನ್ನಾಗಿ ತೋರಿಸಿಕೊಡುವುದು ಇಥಿಯೋಪಿಯದ ಕಲ್ಲು. ಅಲ್ಲಿನ ವೊಲ್ಲೊ ಪ್ರಾಂತದಲ್ಲಿ 2008ರಲ್ಲಿ ದೊರೆತ ಓಪಲ್ ಇಂದು ಜೈಪುರದ ಸಾಣೆಗಾರರ ಕೈಗೂ ಬರುತ್ತಿದೆ. ಅದರಲ್ಲಿ ಬಹುಪಾಲು ಕಲ್ಲು ನೀರನ್ನು ಹೀರುತ್ತದೆ. ಗೋಳಗಳ ನಡುವಣ ಗಾಳಿಯ ಎಡೆಗಳಲ್ಲಿ ನೀರು ತುಂಬಿದೊಡನೆ ವಕ್ರೀಭವನಾಂಕದ ಭೇದ ಕುಗ್ಗಿ, ಕಲ್ಲು ಗಾಜಿನಂತೆ ತಿಳಿಯಾಗಿ, ಬಣ್ಣ ಅಡಗುತ್ತದೆ. ಒಣಗಿದ ಮೇಲೆ ಮರಳಿ ಬರುತ್ತದೆ. ಬೆಳಗ್ಗೆ ನೀರು ಕುಡಿದಿದ್ದಾಗ ಒಂದು ತೂಕ, ನಾಲ್ಕು ದಿನ ಒಣಗಿದ ಮೇಲೆ ಮತ್ತೊಂದು. ಯಾವ ತೂಕಕ್ಕೆ ಬೆಲೆ? 1956ರಲ್ಲಿ ಕೂಬರ್ ಪೀಡಿಯಲ್ಲಿ ಸಿಕ್ಕಿ, ಆ ವರ್ಷದ ಮೆಲ್ಬರ್ನ್ ಕ್ರೀಡೋತ್ಸವದ ನೆನಪಿಗೆ 'ಒಲಿಂಪಿಕ್ ಆಸ್ಟ್ರಾಲಿಸ್' ಎಂದು ಹೆಸರು ಪಡೆದ ಹದಿನೇಳು ಸಾವಿರ ಕ್ಯಾರೆಟ್ಟಿನ ಓಪಲನ್ನು ಕೊಯ್ಯದೆ ಹಾಗೆಯೇ ಉಳಿಸಿದ್ದಾರೆ. ಕೊಯ್ಯದಿರುವುದೂ ಒಂದು ನಿರ್ಣಯವೇ.

ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. ಚಕ್ರದ ಮೇಲೆ ಬಿಡುವ ನೀರು ಕಲ್ಲಿಗಾಗಿ ಮಾತ್ರವಲ್ಲ, ಮನುಷ್ಯನ ಶ್ವಾಸಕೋಶಕ್ಕಾಗಿಯೂ ಹೌದು. ಗುಜರಾತಿನ ಖಂಭಾತಿನಲ್ಲಿ ಅಕೀಕು ಅರೆಯುವವರನ್ನು ಸಿಲಿಕದ ಧೂಳಿನ ರೋಗ ಎಷ್ಟು ಪೀಡಿಸಿದೆಯೆಂಬುದು ವೈದ್ಯರು ಬಲ್ಲ ಸಂಗತಿ. ಓಪಲಿನ ಸಿಲಿಕ ಸ್ಫಟಿಕರೂಪದ್ದಲ್ಲವೆಂದು ಅಲಕ್ಷ್ಯ ಮಾಡುವಂತಿಲ್ಲ. ಅದರೊಡನೆ ಅಂಟಿ ಬರುವ ಮರಳುಗಲ್ಲು ಸ್ಫಟಿಕವೇ. ತೂಕವನ್ನು ಉಳಿಸಲು ತೋರುವ ಎಚ್ಚರಿಕೆಯ ಹತ್ತರಲ್ಲೊಂದು ಪಾಲನ್ನು ಕಾರ್ಖಾನೆಯ ಯಜಮಾನರು ಇದಕ್ಕೆ ತೋರಿದರೆ ಸಾಕು.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ತೂಕವನ್ನು ಬರೆಯಬೇಡಿರೆಂದು ನಾವು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಮುಖದ ವಿಸ್ತಾರವನ್ನೂ, ಬಣ್ಣದ ಪದರದ ದಪ್ಪವನ್ನೂ, ಕಲ್ಲು ಇಡಿಯೋ ಇಮ್ಮಡಿಯೋ ಮುಮ್ಮಡಿಯೋ ಎಂಬುದನ್ನೂ ಬರೆಯಲಿ. ಮೈಬಣ್ಣವನ್ನು ಆಸ್ಟ್ರೇಲಿಯದವರು ಎನ್1ರ ಕಪ್ಪಿನಿಂದ ಎನ್9ರ ಬಿಳುಪಿನವರೆಗೆ ಒಂಬತ್ತು ಮೆಟ್ಟಿಲು ಮಾಡಿಕೊಂಡಿದ್ದಾರೆ, ಅದನ್ನೂ ಬರೆಯಬಹುದು. ಸಕ್ಕರೆಯ ಪಾಕದಲ್ಲಿ ನೆನೆಸಿ ಗಂಧಕಾಮ್ಲದಿಂದ ಸುಟ್ಟು ಕಪ್ಪು ಮಾಡಿದ ಕಲ್ಲಾದರೆ ಆ ಮಾತು ರಸೀತಿಯಲ್ಲಿ ಇರಲೇಬೇಕು. ಇವುಗಳಲ್ಲಿ ಒಂದಕ್ಕೂ ದೊಡ್ಡ ಯಂತ್ರ ಬೇಡ. ಒಂದು ಅಳತೆಗೋಲು, ಒಂದು ಭೂತಗನ್ನಡಿ, ನಿಜ ಹೇಳುವ ಮನಸ್ಸು ಇಷ್ಟು ಸಾಕು.

ಕೊಳ್ಳುವವರೂ ನೋಡುವ ಕ್ರಮವನ್ನು ಕಲಿಯಬೇಕು. ಅಂಗಡಿಗಳಲ್ಲಿ ಸುತ್ತಲೂ ಹತ್ತಾರು ದೀಪಗಳಿರುತ್ತವೆ. ಆ ಬೆಳಕಿನಲ್ಲಿ ಯಾವುದೋ ಒಂದು ದೀಪ ಯಾವುದೋ ಒಂದು ಸಾಲಿಗೆ ಸರಿಹೊಂದಿ, ದಿಕ್ಕು ತಪ್ಪಿ ಕೊಯ್ದ ಕಲ್ಲೂ ಚೆನ್ನಾಗಿಯೇ ಕಾಣುತ್ತದೆ. ಒಂದೇ ದೀಪವನ್ನು ಉಳಿಸಿ ಮಿಕ್ಕವನ್ನು ಆರಿಸಲು ಹೇಳಿ, ಉಂಗುರದಲ್ಲಿ ಕೂರುವಂತೆಯೇ ಕಲ್ಲನ್ನು ಹಿಡಿದು ನೇರವಾಗಿ ನೋಡಬೇಕು; ಆಮೇಲೆ ಪಕ್ಕದಿಂದ ಅಂಚನ್ನು ನೋಡಬೇಕು. ಅಂಚಿನಲ್ಲಿ ಎಳೆದಂತೆ ನೇರವಾದ ಗೆರೆಯಿದ್ದರೆ ಅದು ಅಂಟಿಸಿದ ಕಲ್ಲಾಗಿರುವ ಸಂಭವ ಹೆಚ್ಚು. ದೀಪ ಆರಿಸಲು ಅಂಗಡಿಯವರು ಒಲ್ಲೆನೆಂದರೆ, ಕಲ್ಲನ್ನು ಕಿಟಕಿಯ ಬಳಿಗೆ ಒಯ್ಯಲು ಅಪ್ಪಣೆ ಕೇಳಬಹುದು.